ಹುಟ್ಟುಹಬ್ಬದ ಹೋಟೆಲ್ ಊಟ

ಹುಟ್ಟುಹಬ್ಬದ ದಿನವೋ ಅದರ ಹಿಂದುಮುಂದಿನ ಭಾನುವಾರವೋ ಮನೆಯವರನ್ನು, ಗೆಳೆಯರನ್ನು, ಕಚೇರಿಯವರನ್ನು ಕರೆದುಕೊಂಡು ಹೋಗಿ ಮೆಚ್ಚಿನ ಹೋಟೆಲಿನಲ್ಲಿ ಒಟ್ಟಿಗೆ ಉಣ್ಣುವ ನಗರದ ರೂಢಿ. ಕರ್ನಾಟಕದಲ್ಲಿ ಇದರ ದೊಡ್ಡ ನೆಲೆ ಬೆಂಗಳೂರು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳಲ್ಲಿ ಅದಕ್ಕೆ ಬೇರೆ ಬೇರೆ ರುಚಿ. ಆಡುಮಾತಿನಲ್ಲಿ ಪಾರ್ಟಿ, ಟ್ರೀಟ್ ಎಂಬ ಹೆಸರುಗಳೇ ಚಾಲ್ತಿಯಲ್ಲಿವೆ. 'ಪಾರ್ಟಿ ಯಾವಾಗ ಕೊಡಿಸ್ತೀಯ?' ಎಂದು ಕೇಳುವುದು ಗೆಳೆಯರ ಹಕ್ಕು. ಕೊಡಿಸುವುದು ಹುಟ್ಟುಹಬ್ಬದವರ ಪಾಲಿಗೆ ಬಂದದ್ದು. ಅಮೆರಿಕದಲ್ಲಿ ಹುಟ್ಟುಹಬ್ಬದವರ ಊಟದ ದುಡ್ಡನ್ನು ಸಾಮಾನ್ಯವಾಗಿ ಉಳಿದವರು ಹಂಚಿಕೊಳ್ಳುತ್ತಾರೆ. ಇಲ್ಲಿ ಹುಟ್ಟುಹಬ್ಬದವರೇ ಉಣಿಸಬೇಕು. ಎಷ್ಟು ಜನರನ್ನು ಕರೆಯುವುದು, ಯಾವ ಹೋಟೆಲು, ಮೊದಲು ಏನು ಹೇಳುವುದು, ಐಸ್‌ಕ್ರೀಮಿಗೆ ಬೇರೆ ಅಂಗಡಿಗೆ ಹೋಗುವುದೋ ಬೇಡವೋ ಎಂಬುದೆಲ್ಲ ಬಹುಪಾಲು ಇದೊಂದರಿಂದಲೇ ತೀರ್ಮಾನವಾಗುತ್ತದೆ.

ಮನೆಯ ಹುಟ್ಟುಹಬ್ಬ

ಹಳೆಯ ಕ್ರಮದಲ್ಲಿ ಹುಟ್ಟುಹಬ್ಬ ಪಂಚಾಂಗಕ್ಕೆ ಸೇರಿದ್ದು. ಹುಟ್ಟಿದ ತಿಂಗಳ ತಿಥಿ ಅಥವಾ ನಕ್ಷತ್ರ ನೋಡಿ ಆ ದಿನ ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಉಡಿಸಿ, ಆರತಿ ಎತ್ತಿ, ಹಿರಿಯರ ಕಾಲಿಗೆ ನಮಸ್ಕಾರ ಮಾಡಿಸುತ್ತಿದ್ದರು. ಕೆಲವು ಮನೆಗಳಲ್ಲಿ ಮಾರ್ಕಂಡೇಯನನ್ನು ನೆನೆದು ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಕುಡಿಸುವುದುಂಟು. ಅಡುಗೆಯಲ್ಲಿ ಪಾಯಸ ತಪ್ಪದು, ಅನುಕೂಲವಿದ್ದರೆ ಒಬ್ಬಟ್ಟು. ಅರಸರ ಮತ್ತು ಮಠಾಧಿಪತಿಗಳ ಹುಟ್ಟುಹಬ್ಬಕ್ಕೆ ವರ್ಧಂತಿ ಎಂಬ ಗೌರವದ ಹೆಸರು. ಸಾಮಾನ್ಯರಲ್ಲಿ ದೊಡ್ಡದಾಗಿ ಬಂಧುಬಳಗ ಸೇರುತ್ತಿದ್ದುದು ಮಗುವಿನ ಮೊದಲ ವರ್ಷಕ್ಕೆ; ಅದು ಬಿಟ್ಟರೆ 60ಕ್ಕೆ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ. ನಡುವಣ ವರ್ಷಗಳು ಸದ್ದಿಲ್ಲದೆ ಕಳೆಯುತ್ತಿದ್ದವು. ಹೋಟೆಲ್ ಊಟ ಹಿಡಿದುಕೊಂಡದ್ದು ಇದೇ ನಡುವಣ ವರ್ಷಗಳನ್ನು. ಅದು ಮುಖ್ಯವಾಗಿ ಹದಿನೆಂಟರಿಂದ ನಲವತ್ತರವರೆಗಿನವರ ಹಬ್ಬ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಹಿಂದಿನ ತಲೆಮಾರಿನ ಬಹಳ ಜನಕ್ಕೆ ದಾಖಲೆಯಲ್ಲಿರುವ ಜನ್ಮದಿನ ಜೂನ್ 1. ಮಗುವನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಕು ಗೊತ್ತಿಲ್ಲದಿದ್ದರೆ, ವಯಸ್ಸಿನ ಲೆಕ್ಕ ಸರಿಹೋಗುವಂತೆ ಮೇಷ್ಟ್ರು ಶಾಲಾ ವರ್ಷದ ಆರಂಭದ ದಿನವನ್ನೇ ಬರೆದುಕೊಳ್ಳುತ್ತಿದ್ದರು. ಇಂಥವರಿಗೆ ಹುಟ್ಟುಹಬ್ಬ ನೆನಪಾಗುವುದು ಕಚೇರಿಯವರು ಬಂದು ಕೈ ಕುಲುಕಿದಾಗಲೇ. ಒಂದೇ ವಿಭಾಗದಲ್ಲಿ ಮೂರ್ನಾಲ್ಕು ಮಂದಿ ಜೂನ್ 1ರವರಿದ್ದರೆ ಪಾರ್ಟಿಯ ಖರ್ಚು ಹಂಚಿಹೋಗುವುದೊಂದು ಲಾಭ.

ಕೇಕು, ಮೇಣದಬತ್ತಿ, ಹಾಡು

ಇವು ಮೂರೂ ಹೊರಗಿನಿಂದ ಬಂದವು. ಕೇಕಿನ ಮೇಲೆ ಮೇಣದಬತ್ತಿ ಹಚ್ಚುವ ಪದ್ಧತಿ 18ನೇ ಶತಮಾನದ ಜರ್ಮನಿಯ ಮಕ್ಕಳ ಹುಟ್ಟುಹಬ್ಬಗಳಲ್ಲಿ ಕಾಣಿಸುತ್ತದೆ. ಎಲ್ಲರಿಗೂ ಬರುವ ಆ ಹಾಡಿನ ಧಾಟಿ ಅಮೆರಿಕದ ಕೆಂಟಕಿಯ ಪ್ಯಾಟಿ ಹಿಲ್, ಮಿಲ್ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರದು. 1893ರಲ್ಲಿ ಅದು ಶಾಲೆಯ ಮಕ್ಕಳ ಬೆಳಗಿನ ವಂದನೆಯಾಗಿ ಅಚ್ಚಾಯಿತು, ಹುಟ್ಟುಹಬ್ಬದ ಮಾತುಗಳು ಆಮೇಲೆ ಸೇರಿಕೊಂಡವು. ಅದರ ಹಕ್ಕು ತಮ್ಮದೆಂದು ಅಲ್ಲಿನ ಸಂಗೀತ ಪ್ರಕಾಶನ ಸಂಸ್ಥೆಗಳು ದಶಕಗಳ ಕಾಲ ಹಣ ವಸೂಲು ಮಾಡಿದವು. ಆ ಶುಲ್ಕ ತಪ್ಪಿಸಿಕೊಳ್ಳಲು ಅಮೆರಿಕದ ಎಷ್ಟೋ ರೆಸ್ಟೋರೆಂಟುಗಳು ಸಿಬ್ಬಂದಿಗೆ ಚಪ್ಪಾಳೆ ತಟ್ಟಿ ಹಾಡುವ ತಮ್ಮದೇ ಹಾಡು ಕಲಿಸಿದವು. 2015ರಲ್ಲಿ ಅಲ್ಲಿನ ನ್ಯಾಯಾಲಯ ಈ ಹಕ್ಕು ನಿಲ್ಲುವುದಿಲ್ಲ ಎಂದಿತು, ಮರುವರ್ಷ 1.4 ಕೋಟಿ ಡಾಲರಿನ ರಾಜಿಯಾಗಿ ಹಾಡು ಸಾರ್ವಜನಿಕರದಾಯಿತು. ಇಂದು ಬೆಂಗಳೂರಿನ ಹೋಟೆಲುಗಳಲ್ಲಿ ಸಿಬ್ಬಂದಿ ಮೇಜಿನ ಸುತ್ತ ನಿಂತು ಚಪ್ಪಾಳೆ ತಟ್ಟುವ ದೃಶ್ಯ ಈ ಅಮೆರಿಕದ ಪದ್ಧತಿಯ ದೂರದ ನೆಂಟ.

ಕೇಕು ಮಾತ್ರ ಬೆಂಗಳೂರಿಗೆ ಬಹಳ ಹಿಂದೆಯೇ ಬಂದಿತ್ತು. ದಂಡಿನ ಪ್ರದೇಶದಲ್ಲಿ ಇಂಗ್ಲಿಷರ ಬೇಕರಿಗಳಿದ್ದವು. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಈ ಕಸುಬನ್ನು ಕೈಗೆತ್ತಿಕೊಂಡ ಮೇಲೆ ಅದು ಪೇಟೆಗೂ ಹರಡಿತು, ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯ ಭಾಗದಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯನ್ನು ಈ ಸಾಲಿನ ಮೊದಲನೆಯದೆಂದು ಎಣಿಸುತ್ತಾರೆ. ಮೊಟ್ಟೆಯಿಲ್ಲದ ಕೇಕು ಸಸ್ಯಾಹಾರಿ ಮನೆಗಳ ಬಾಗಿಲು ದಾಟಿದ್ದರಲ್ಲಿ ಅಯ್ಯಂಗಾರ್ ಬೇಕರಿಗಳ ಪಾಲು ದೊಡ್ಡದು. ಅಜ್ಜಿ ಆರತಿ ಎತ್ತಿದ ಮೇಲೆ ಅದೇ ಮಣೆಯ ಮುಂದೆ ಕೇಕು ಕತ್ತರಿಸುವ ಮನೆಗಳು ಇಂದು ಸಾಕಷ್ಟಿವೆ. ದೀಪ ಹಚ್ಚಬೇಕಾದ ದಿನ ದೀಪ ಊದಿ ಆರಿಸುವುದೇ ಎಂಬ ಹಿರಿಯರ ಆಕ್ಷೇಪವಂತೂ ಪ್ರತಿ ವರ್ಷ ಒಮ್ಮೆ ಕೇಳಿಬರುತ್ತದೆ; ಕೆಲವರು ಮೇಣದಬತ್ತಿಯನ್ನು ಹಚ್ಚಿ ಹಾಗೇ ಬಿಟ್ಟು ಈ ಜಗಳ ಬಗೆಹರಿಸಿಕೊಂಡಿದ್ದಾರೆ.

ಒಂದೇ ಮೇಜಿಗೆ ಬರುವ ಮುಂಚೆ

ಹುಟ್ಟುಹಬ್ಬದ ಊಟ ಮನೆಯಿಂದ ಹೋಟೆಲಿಗೆ ಬರಬೇಕಾದರೆ ಮೊದಲು ಹೋಟೆಲು ಎಲ್ಲರದಾಗಬೇಕಿತ್ತು. 20ನೇ ಶತಮಾನದ ಮೊದಲರ್ಧದಲ್ಲಿ ಹಾಗಿರಲಿಲ್ಲ. ಉಡುಪಿ-ಕುಂದಾಪುರ ಕಡೆಯಿಂದ ಬಂದವರು ಊರೂರಲ್ಲಿ ತೆರೆದ ಕಾಫಿ ಕ್ಲಬ್ಬುಗಳು ಸಂಪ್ರದಾಯಸ್ಥರಿಗೆ ಹೊರಗೆ ತಿನ್ನುವ ಧೈರ್ಯ ಕೊಟ್ಟದ್ದು ಅಡುಗೆಯವರ ಜಾತಿಯ ಭರವಸೆಯಿಂದ. ಇಂದು ಎಂಟಿಆರ್ ಎಂದು ಕರೆಯುವ ಹೋಟೆಲನ್ನು ಮಯ್ಯ ಸೋದರರು 1924ರಲ್ಲಿ ತೆರೆದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂದೇ ಇತ್ತು. ಲಾಲ್‌ಬಾಗ್ ಕೋಟೆ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ, 1960ರಲ್ಲಿ, ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಶತಮಾನದ ಆ ಮೊದಲರ್ಧದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ, ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿ, ಮತ, ಲಿಂಗಗಳ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದು ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಮೀರಿದವರಿಗೆ ಶಿಕ್ಷೆ ಗೊತ್ತುಮಾಡಿತು. ಹಳ್ಳಿಗಳ ಚಹದಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ಆಮೇಲೂ ಬಹುಕಾಲ ಉಳಿಯಿತು. ನಗರದ ಹೋಟೆಲು ಬೇಗ ಬದಲಾಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳಲ್ಲಿ ಬೇರೆ ಬೇರೆ ಊರು, ಜಾತಿ, ಭಾಷೆಯವರು ಪಕ್ಕಪಕ್ಕದಲ್ಲಿ ಕೆಲಸಕ್ಕೆ ನಿಂತರು. ಇವರಲ್ಲಿ ಒಬ್ಬ ಇನ್ನೊಬ್ಬನ ಮನೆಯ ಪಂಕ್ತಿಯಲ್ಲಿ ಕೂರುವುದು ಕಷ್ಟವಿತ್ತು. ಯಾರ ಮನೆಯೂ ಅಲ್ಲದ ಹೋಟೆಲಿನಲ್ಲಿ ಆ ತೊಡಕಿಲ್ಲ. ಮನೆಗೆ ಕರೆಯಲಾಗದ ಗೆಳೆಯನಿಗೂ ಹುಟ್ಟುಹಬ್ಬದಂದು ಉಣಿಸಬಹುದು ಎಂಬುದು ಈ ರೂಢಿಯ ಬಗ್ಗೆ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತು. ಅದರ ಮಗ್ಗುಲಲ್ಲೇ ಕಹಿಯೂ ಇದೆ: ಮನೆಗೆ ಕರೆಯದಿರುವುದಕ್ಕೂ ಹೋಟೆಲು ಒಂದು ಮರ್ಯಾದಸ್ಥ ನೆಪವಾಗುತ್ತದೆ.

ಮೊದಲಿಗೆ ಈ ಪಾರ್ಟಿ ಸಣ್ಣದು. ಮಧ್ಯಾಹ್ನ ಕ್ಯಾಂಟೀನಿನಲ್ಲೋ ಎದುರಿನ ಹೋಟೆಲಿನಲ್ಲೋ 'ಸ್ವೀಟು, ಖಾರ, ಕಾಫಿ' ಕೊಡಿಸಿದರೆ ಮುಗಿಯಿತು. ಕೇಸರಿಬಾತೋ ಜಾಮೂನೋ ಒಂದು, ವಡೆಯೋ ಮಸಾಲೆ ದೋಸೆಯೋ ಒಂದು, ಮೇಲೆ ಕಾಫಿ. ಸರಕಾರಿ ಕಚೇರಿಗಳಲ್ಲಿ ಈ ಮೂರು ಪದಗಳ ಮೆನು ಇನ್ನೂ ಅಳಿದಿಲ್ಲ.

ಯಾವ ಹೋಟೆಲು

ಮೆಚ್ಚಿನ ಹೋಟೆಲುಗಳೆಲ್ಲ ಗುಂಪಿಗೆ ಒಗ್ಗುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ; ಅಲ್ಲಿ ವೆಯ್ಟರ್ ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಲೆಂದೇ ಜನ ಹೋಗುತ್ತಾರೆ. ಆದರೆ ಖಾಲಿ ಕುರ್ಚಿ ಸಿಕ್ಕ ಕಡೆ ಕೂರಬೇಕು, ಎದುರಿಗೆ ಅಪರಿಚಿತರಿರುತ್ತಾರೆ, ಬಾಗಿಲಲ್ಲಿ ಕಾಯುವವರ ಕಣ್ಣು ನಿಮ್ಮ ತಟ್ಟೆಯ ಮೇಲಿರುತ್ತದೆ. ಹತ್ತು ಜನ ಒಟ್ಟಿಗೆ ಕೂತು ಹರಟುವ ಜಾಗ ಅದಲ್ಲ. ದರ್ಶಿನಿಗಳದ್ದೂ ಇದೇ ಕಥೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯಿಂದ ಆರ್. ಪ್ರಭಾಕರ್ ಹಾಕಿಕೊಟ್ಟ ಈ ಮಾದರಿಯ ಜೀವಾಳವೇ ಕುರ್ಚಿಯಿಲ್ಲದಿರುವುದು: ಚೀಟಿ ತಗೊ, ನಿಂತು ತಿನ್ನು, ಜಾಗ ಬಿಡು. ಬೆಲೆ ಇಳಿದದ್ದೂ ಅದರಿಂದಲೇ. ಅಲ್ಲಿ ಕೊಡಿಸುವ ಟ್ರೀಟು ಹತ್ತು ನಿಮಿಷದ್ದು. ಕಾಲೇಜು ಹುಡುಗರಿಗೆ ತಿಂಗಳ ಕೊನೆಯಲ್ಲಿ ಹುಟ್ಟುಹಬ್ಬ ಬಂದರೆ ಮರ್ಯಾದೆ ಉಳಿಸುವುದೂ ಅದೇ.

ಗುಂಪಿಗೆ ಹೇಳಿಮಾಡಿಸಿದ್ದು ಎಲೆ ಊಟದ ಹೋಟೆಲು. ಎಂಟಿಆರ್‌ನ ಮಧ್ಯಾಹ್ನದ ಊಟದಲ್ಲಿ ಆರಿಸುವ ಕೆಲಸವೇ ಇಲ್ಲ; ಪಲ್ಯ, ಕೋಸಂಬರಿ, ದೋಸೆಯಿಂದ ಹಿಡಿದು ಬಿಸಿಬೇಳೆಬಾತ್, ಅನ್ನ, ಸಾರು, ಮೊಸರಿನವರೆಗೆ ಬಡಿಸುವವರು ಬರುತ್ತಲೇ ಇರುತ್ತಾರೆ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನ 1984ರಿಂದ ಆಂಧ್ರ ಊಟಕ್ಕೆ ಹೆಸರಾಗಿದೆ: ಬಾಳೆ ಎಲೆ, ಪಪ್ಪು, ಚಟ್ನಿಪುಡಿಗೆ ತುಪ್ಪ, ಪಕ್ಕದಲ್ಲಿ ಬಿರಿಯಾನಿಯೋ ಚಿಕನ್ ಹುರಿದದ್ದೋ. ಅನ್ನ ಸಾರಿಗೆ ಮಿತಿಯಿಲ್ಲದ್ದರಿಂದ ಕರೆದವರಿಗೂ ಹೊಟ್ಟೆ ತುಂಬಿದ ಖಾತ್ರಿ. ಮಾಂಸದೂಟದವರಿಗೆ ಹಳೆಯ ಬೆಂಗಳೂರಿನ ಮಿಲಿಟರಿ ಹೋಟೆಲುಗಳಿವೆ. ದೊನ್ನೆ ಬಿರಿಯಾನಿ, ಮಟನ್ ಚಾಪ್ಸ್, ಮುದ್ದೆ ಕಾಲ್ಸೂಪು. ಇವು ಮಧ್ಯಾಹ್ನದೊಳಗೆ ಖಾಲಿಯಾಗುವ ಜಾಗಗಳು. ತಡವಾಗಿ ಎದ್ದ ಗುಂಪಿಗೆ ದಕ್ಕುವುದು ಬರೀ ಕುಷ್ಕ.

ಸಂಜೆಯ ಸಾಮಾನ್ಯ ಪಾರ್ಟಿ ನಡೆಯುವುದು ಬಡಾವಣೆಯ 'ಫ್ಯಾಮಿಲಿ ರೆಸ್ಟೋರೆಂಟ್'ನಲ್ಲಿ. ಇದರ ಊಟಕ್ಕೆ ಬರೆಯದ ಕ್ರಮವೊಂದಿದೆ. ಮೊದಲು ಬೈಟೂ ಸೂಪು. ಗೋಬಿ ಮಂಚೂರಿ, ಬೇಬಿಕಾರ್ನ್, ಪನ್ನೀರ್ ಟಿಕ್ಕ. ಆಮೇಲೆ ರೋಟಿ, ಕುಲ್ಚ, ಪನ್ನೀರ್ ಬಟರ್ ಮಸಾಲ. ಅಷ್ಟರಲ್ಲಿ ಹಸಿವು ತೀರಿದ್ದರೂ 'ಅನ್ನ ತಿನ್ನದಿದ್ದರೆ ಊಟ ಆದ ಹಾಗಲ್ಲ' ಎಂದು ಒಬ್ಬರು ಹೇಳುತ್ತಾರೆ, ಎರಡು ಫ್ರೈಡ್ ರೈಸ್ ನಾಲ್ಕಾಗಿ ಹಂಚಿಹೋಗುತ್ತದೆ; ಹಿರಿಯರಿದ್ದರೆ ಮೊಸರನ್ನ. ಬಿಸಿನೀರಲ್ಲಿ ನಿಂಬೆಹೋಳು ತೇಲುವ ಬಟ್ಟಲು, ಸೋಂಪು, ಹೊರಗೆ ಬೀಡಾ. ಪಂಜಾಬು, ಚೀನಾ, ಕರ್ನಾಟಕ ಮೂರನ್ನೂ ಒಂದೇ ಮೇಜಿನಲ್ಲಿ ಕೂರಿಸುವ ಈ ಊಟವನ್ನು ಪಾಕಶಾಸ್ತ್ರಜ್ಞರು ಹಗುರವಾಗಿ ಕಾಣುತ್ತಾರೆ. ಆದರೆ ಮಧ್ಯಮವರ್ಗದ ಕನ್ನಡಿಗರ ಹುಟ್ಟುಹಬ್ಬದ ಊಟ ಯಾವುದೆಂದು ಕೇಳಿದರೆ ಪ್ರಾಮಾಣಿಕ ಉತ್ತರ ಇದೇ, ಬಿಸಿಬೇಳೆಬಾತ್ ಅಲ್ಲ.

ಸಸ್ಯಾಹಾರ-ಮಾಂಸಾಹಾರದ ಭೇದ ಹುಟ್ಟುಹಬ್ಬವನ್ನೇ ಎರಡಾಗಿ ಸೀಳುವುದುಂಟು: ಅಜ್ಜಿ-ಅತ್ತೆಯರ ಜೊತೆ ಒಂದು ಶುದ್ಧ ಸಸ್ಯಾಹಾರಿ ಊಟ, ಗೆಳೆಯರ ಜೊತೆ ಇನ್ನೊಂದು. ಮಾಂಸ ತಿನ್ನುವ ಮನೆಗಳಲ್ಲೂ ಸೋಮವಾರ, ಶನಿವಾರ, ಇಡೀ ಶ್ರಾವಣ ಮಾಸ ಬಿಡುವವರಿದ್ದಾರೆ. ಶ್ರಾವಣದಲ್ಲಿ ಹುಟ್ಟಿದವರ ಬಿರಿಯಾನಿ ಪಾರ್ಟಿ ಗಣೇಶನ ಹಬ್ಬದಾಚೆಗೆ ಹೋಗುತ್ತದೆ.

ಕಳೆದ ಎರಡು ದಶಕಗಳಲ್ಲಿ ಈ ರೂಢಿಯ ಆಕಾರವನ್ನು ಬದಲಿಸಿದ್ದು ನಿಗದಿತ ದರದ ಬಫೆ. ಮುಂಬಯಿಯಲ್ಲಿ 2006ರಲ್ಲಿ ಮೊದಲ ಮಳಿಗೆ ತೆರೆದು ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಹೊಂದಿರುವ ಬಾರ್ಬೆಕ್ಯೂ ನೇಷನ್ ಇದರ ಹೆಸರಾಂತ ಉದಾಹರಣೆ. ಮೇಜಿನ ನಡುವೆಯೇ ಕೆಂಡದ ಒಲೆ, ಕಂಬಿಗೆ ಚುಚ್ಚಿದ ತುಂಡುಗಳು, ಒಂದು ಪುಟ್ಟ ಬಾವುಟ; ಬಾವುಟ ಇಳಿಸುವವರೆಗೆ ತಂದು ಹಾಕುತ್ತಲೇ ಇರುತ್ತಾರೆ. ಹುಟ್ಟುಹಬ್ಬವೆಂದು ಮೊದಲೇ ತಿಳಿಸಿದರೆ ಕೇಕು ಬರುತ್ತದೆ, ಸಿಬ್ಬಂದಿ ಹಾಡಿ ಕುಣಿಯುತ್ತಾರೆ. ಇದು ಗೆದ್ದದ್ದು ರುಚಿಯಿಂದಲೋ ಗದ್ದಲದಿಂದಲೋ ಅಲ್ಲ, ಲೆಕ್ಕದಿಂದ. ತಲೆಗೆ ಇಷ್ಟು ಎಂದಿದ್ದರೆ ಪಾರ್ಟಿ ಕೊಡುವವರಿಗೆ ಒಟ್ಟು ಖರ್ಚು ಮನೆಯಲ್ಲೇ ಗೊತ್ತಾಗಿರುತ್ತದೆ. ಮೆನು ನೋಡಿ ತರಿಸುವ ಹೋಟೆಲಿನಲ್ಲಿ ಹಾಗಲ್ಲ. ಒಬ್ಬ ಸೀಗಡಿ ಹೇಳಿದರೆ ಕರೆದವನ ಎದೆ ಧಸಕ್ಕೆನ್ನುತ್ತದೆ, ಸಂಕೋಚದ ಗೆಳತಿ ತನಗೆ ಬೇಕಾದ್ದನ್ನು ಬಿಟ್ಟು ಕಡಿಮೆ ಬೆಲೆಯದನ್ನು ಹೇಳುತ್ತಾಳೆ. ಬಫೆ ಈ ಎರಡು ಮುಜುಗರಗಳನ್ನೂ ಒಟ್ಟಿಗೆ ತೆಗೆದುಹಾಕಿತು.

ಬಿಲ್ಲು

ಹಿರಿಯರ ಗುಂಪಿನಲ್ಲಿ ಬಿಲ್ಲು ಬಂದಾಗ ನಡೆಯುವ 'ನೀವು ಇಡಿ, ನಾನು ಕೊಡ್ತೀನಿ' ಎಂಬ ಎಳೆದಾಟ ಊಟದ ಕೊನೆಯ ಶಾಸ್ತ್ರ. ಕೈ ತೊಳೆಯುವ ನೆಪದಲ್ಲಿ ಎದ್ದು ಗಲ್ಲಾದಲ್ಲಿ ಮೊದಲೇ ದುಡ್ಡು ಕಟ್ಟಿಬರುವವರೇ ಇದರಲ್ಲಿ ಪಳಗಿದವರು. ವಿದ್ಯಾರ್ಥಿಗಳಲ್ಲಿ ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಹಂಚಿಕೊಳ್ಳುವ ಕ್ರಮ ಬಲಿಯುತ್ತಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಅದು ಸಲೀಸು. ಮೊದಲು ಚಿಲ್ಲರೆ ಇಲ್ಲವೆಂಬ ಕಾರಣಕ್ಕೇ ಎಷ್ಟೋ ಪಾಲು ಬಾಕಿ ಉಳಿದು ಮರೆತುಹೋಗುತ್ತಿತ್ತು. ಹಂಚಿಕೊಂಡಾಗಲೂ ಹುಟ್ಟುಹಬ್ಬದವರು ಪೂರ್ತಿ ಪಾರಾಗುವುದಿಲ್ಲ: ಉಳಿದವರು ಊಟದ ಪಾಲು ಕೊಟ್ಟರೆ, ಐಸ್‌ಕ್ರೀಮು ಅವರ ತಲೆಗೆ.

ಬಿಲ್ಲಿನ ಕೆಳಸಾಲುಗಳ ಬಗ್ಗೆ ಎರಡು ಮಾತು. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳ ಊಟಕ್ಕೆ ಜಿಎಸ್‌ಟಿ ಶೇ. 5, ಅದಕ್ಕೂ ಮೊದಲ ಕೆಲವು ತಿಂಗಳು ಹವಾನಿಯಂತ್ರಿತ ಹೋಟೆಲಿನಲ್ಲಿ ಶೇ. 18 ಇತ್ತು. ಸೇವಾ ಶುಲ್ಕ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲು ಸಂಘಗಳು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬೇಡವೆಂದು ಹೇಳುವ ಹಕ್ಕು ಗ್ರಾಹಕರಿಗಿದೆ. ಹುಟ್ಟುಹಬ್ಬದ ದಿನ ಗೆಳೆಯರ ಮುಂದೆ ಅದನ್ನು ಹೇಳುವವರು ಅಪರೂಪ.

ಅತಿರೇಕಗಳು

ಕೇಕನ್ನು ತಿನ್ನುವ ಬದಲು ಮುಖಕ್ಕೆ ಬಳಿಯುವುದು ಹಾಸ್ಟೆಲುಗಳಿಂದ ಹೋಟೆಲಿಗೆ ಬಂದ ಪಿಡುಗು. ಸ್ವಚ್ಛಗೊಳಿಸುವ ಕೆಲಸ ಬೀಳುವುದು ಪಾರ್ಟಿಯವರ ಮೇಲಲ್ಲ, ಟೇಬಲ್ ಒರೆಸುವ ಹುಡುಗನ ಮೇಲೆ. ಹೊರಗಿನ ಕೇಕು ತಂದರೆ ಶುಲ್ಕ ಹಾಕುವ, ಸ್ಪ್ರೇ-ಪಟಾಕಿ ಬೇಡವೆಂದು ಫಲಕ ತೂಗುಹಾಕುವ ಹೋಟೆಲುಗಳು ಹೆಚ್ಚಾಗಿರುವುದು ಇದರಿಂದಲೇ. ನೊರೆ ಚಿಮ್ಮಿಸುವ ಸ್ಪ್ರೇ ಡಬ್ಬಿಗಳಲ್ಲಿ ಬ್ಯೂಟೇನ್, ಪ್ರೊಪೇನ್‌ನಂಥ ಹೊತ್ತಿಕೊಳ್ಳುವ ಅನಿಲಗಳಿರುತ್ತವೆ. ಉರಿಯುವ ಮೇಣದಬತ್ತಿಯ ಮುಂದೆ ಅದನ್ನು ಚಿಮ್ಮಿಸಿ ಮುಖ ಸುಟ್ಟುಕೊಂಡವರಿದ್ದಾರೆ.

ಬಣ್ಣದ ವಿಷಯ ಬೇರೆ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿತು. 223 ಸುರಕ್ಷಿತ, 12ರಲ್ಲಿ ಅಪಾಯಕಾರಿ ಮಟ್ಟದ ಕೃತಕ ಬಣ್ಣ. ಸಿಕ್ಕಿಬಿದ್ದವುಗಳಲ್ಲಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಇದ್ದವು, ಎಂದರೆ ಹುಟ್ಟುಹಬ್ಬಕ್ಕೆ ಹೆಚ್ಚು ಮಾರಾಟವಾಗುವ ಬಗೆಗಳೇ. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ನಿಷೇಧಿಸಿತ್ತು. ಮಂಚೂರಿಯ ಕೆಂಪು ಇಳಿದು ಕಂದಾಗಿದೆ, ಗಿರಾಕಿಗಳೇನೂ ಕಡಿಮೆಯಾಗಿಲ್ಲ.

ಬೇರೆ ಊರುಗಳಲ್ಲಿ

ಮಂಗಳೂರು-ಉಡುಪಿಗಳಲ್ಲಿ ಪಾರ್ಟಿ ಎಂದರೆ ಮೊದಲು ಐಸ್‌ಕ್ರೀಮು. ಎತ್ತರದ ಗ್ಲಾಸಿನಲ್ಲಿ ಬಗೆಬಗೆಯ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ ಪೇರಿಸಿದ ಗಡ್‌ಬಡ್ ಅಲ್ಲಿನ ಹುಟ್ಟುಹಬ್ಬಗಳ ಖಾಯಂ ಅತಿಥಿ. 1975ರಲ್ಲಿ ಆರಂಭವಾದ ಐಡಿಯಲ್ ಮಳಿಗೆಗಳಲ್ಲಿ ಸಂಜೆ ಮೇಜು ಜೋಡಿಸಿಕೊಂಡು ಕೂತ ಗುಂಪುಗಳು ಕಾಣದ ದಿನವಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಸಸ್ಯಾಹಾರಿಗಳಿಗೆ ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಖಾರ ಬಯಸುವವರಿಗೆ ಸಾವಜಿ ಖಾನಾವಳಿಯ ಮಟನ್. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ರಾಮನಗರ, ಮದ್ದೂರುಗಳ ಹೋಟೆಲಿಗೆ ಕಾರಿನಲ್ಲಿ ಬೆಳಗ್ಗೆ ಹೋಗಿ ತಿಂಡಿ ತಿಂದು ಬರುವುದೂ ಒಂದು ಬಗೆಯ ಹುಟ್ಟುಹಬ್ಬವಾಗಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಆ ಊರುಗಳನ್ನು ಬದಿಗೆ ಸರಿಸಿದ ಮೇಲೆ ಅದಕ್ಕಾಗಿಯೇ ಇಳಿದು ಹೋಗಬೇಕು.

ಮುಂಬಯಿ ಕನ್ನಡಿಗರಿಗೆ ಮಾಟುಂಗದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಎಲೆ ಊಟವಿದೆ. ಸಿಂಗಪುರ, ದುಬೈ, ಲಂಡನ್‌ಗಳಲ್ಲಿ ಎಂಟಿಆರ್ ಶಾಖೆಗಳಿವೆ. ಹೊರನಾಡಿನಲ್ಲಿ ತೊಡಕಾಗುವುದು ಊಟವಲ್ಲ, ದುಡ್ಡು. ಜರ್ಮನಿಗೆ ಹೋದವರಿಗೆ ಒಗ್ಗಿಕೊಳ್ಳುವುದು ಸುಲಭ. ಅಲ್ಲೂ ಹುಟ್ಟುಹಬ್ಬದವರೇ ಉಣಿಸುತ್ತಾರೆ, ಕಚೇರಿಗೆ ಕೇಕು ತರುವವರೂ ಅವರೇ. ಚೀನೀಯರಲ್ಲೂ ಹುಟ್ಟುಹಬ್ಬದವರು ಕರೆದು ಉಣಿಸುವ ವಾಡಿಕೆ ಇದೆ, ಆಯಸ್ಸು ನೀಳವಾಗಲೆಂದು ಉದ್ದನೆಯ ನೂಡಲ್ಸ್ ಸಹಿತ. ಅಮೆರಿಕಕ್ಕೆ ಓದಲು ಹೋದ ಕನ್ನಡದ ಹುಡುಗರಿಗೆ ಮಾತ್ರ ಎರಡು ಕಡೆಯೂ ಇಕ್ಕಟ್ಟು. ತಮ್ಮ ಹುಟ್ಟುಹಬ್ಬಕ್ಕೆ ಕಾರ್ಡು ತೆಗೆದರೆ ಅಲ್ಲಿನ ಗೆಳೆಯರು ಕೈ ಹಿಡಿದು ನಿಲ್ಲಿಸುತ್ತಾರೆ. ಅವರ ಹುಟ್ಟುಹಬ್ಬಕ್ಕೆ ಕರೆದರೆಂದು ನಿಶ್ಚಿಂತೆಯಿಂದ ಹೊಟ್ಟೆತುಂಬ ತಿಂದರೆ, ಕೊನೆಗೆ ತಮ್ಮ ಪಾಲಿನ ಜೊತೆಗೆ ಕರೆದವರ ಊಟದ ಒಂದು ಪಾಲೂ ಬಿಲ್ಲಿನಲ್ಲಿ ಸೇರಿಕೊಂಡು ಬರುತ್ತದೆ.